ಮುಪ್ಪಿನ ಕಾಲದ ಬೇಸಾಯ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣ ಕ್ಷೇತ್ರಕ್ಕೆ ದಕ್ಷಿಣವಾಗಿ ಜಂಬಿಟ್ಟಿಗೆಯ ಗುಡ್ಡವನ್ನು ಹತ್ತಿ ಇಳಿದರೆ, ಸಮುದ್ರತೀರವು ಎರಡು ಅರ್ಧಚಂದ್ರಗಳನ್ನು ಒಂದು ಬಂಡೆಯ ಬಳಿ ಜೋಡಿಸಿದಂತೆ ಕಾಣುವುದು. ಮೇಲಿನಿಂದ ನೋಡಿದವರಿಗೆ ಇದು ಓಂಕಾರದ ಆಕಾರವಾಗಿ ತೋರುವುದರಿಂದ ಈ ಸ್ಥಳಕ್ಕೆ ಓಂ ಬೀಚ್ ಎಂಬ ಹೆಸರು ಬಂದಿದೆ. ಒಂದು ಕಾಲಕ್ಕೆ ಬೆಸ್ತರೂ ದನ ಮೇಯಿಸುವವರೂ ಮಾತ್ರ ತಿರುಗಾಡುತ್ತಿದ್ದ ಈ ಎಡೆಗೆ ಈಗ ದೇಶವಿದೇಶಗಳ ಪ್ರವಾಸಿಗಳು ಬರುತ್ತಾರೆ. ಅದರ ಫಲವಾಗಿ ಗೋಕರ್ಣದ ಸುತ್ತಿನ ಗೇರು ಗುಡ್ಡಗಳಿಗೂ ತೆಂಗಿನ ಹಿತ್ತಿಲುಗಳಿಗೂ ಹಿಂದೆಂದೂ ಇಲ್ಲದ ಬೆಲೆ ಏರಿದ್ದು, ಮಾರಿದವರೂ ಇದ್ದಾರೆ, ಮಾರದೆ ಉಳಿಸಿಕೊಂಡವರೂ ಇದ್ದಾರೆ. ಮಾರಿದ್ದು ಸರಿಯೋ ತಪ್ಪೋ ಎಂಬ ವಿಚಾರವು ಇಲ್ಲಿ ಪ್ರಕೃತವಲ್ಲ. ಭೂಮಿಯು ಕೈಬಿಟ್ಟ ಮೇಲೆ, ಅಥವಾ ಕೈಬಿಡದಿದ್ದರೂ ಮಕ್ಕಳ ವಶಕ್ಕೆ ಹೋದ ಮೇಲೆ, ಅರುವತ್ತು ದಾಟಿದ ಬೇಸಾಯಗಾರನು ಬೆಳಿಗ್ಗೆ ಎದ್ದು ಏನು ಮಾಡತಕ್ಕದ್ದು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಗ್ರಾಮದ ಮುಖಂಡರು ಅಲ್ಪವೆಂದು ಎಣಿಸಕೂಡದು. ಸರ್ಕಾರದ ನೌಕರನಿಗೆ ನಿವೃತ್ತಿಯ ದಿನವೊಂದು ಗೊತ್ತಾಗಿರುತ್ತದೆ. ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಬೇಸಾಯಗಾರನಿಗೆ ಅಂಥ ದಿನವಿಲ್ಲ. ಒಂದು ಮಳೆಗಾಲದಲ್ಲಿ ಮಗನು ತನ್ನನ್ನು ಕೇಳದೆಯೇ ಬಿತ್ತನೆಯ ದಿನವನ್ನು ಗೊತ್ತುಮಾಡಿದನೆಂದು ತಿಳಿಯುತ್ತದೆ; ಮರುವರ್ಷ ಕೊಯ್ಲಿನ ಲೆಕ್ಕವೂ ತನ್ನ ಬಳಿಗೆ ಬರುವುದಿಲ್ಲ. ಆಗ ಕೆಲವರು ಸಾಗುವಳಿಯ ಅಧಿಕಾರವನ್ನು ಬಿಗಿಯಾಗಿ ಹಿಡಿದುಕೊಂಡು, ಪ್ರತಿ ನೇಗಿಲ ಗೆರೆಯಲ್ಲಿಯೂ ತಪ್ಪು ಹುಡುಕುತ್ತ ಮನೆಯ ನೆಮ್ಮದಿಯನ್ನು ಕೆಡಿಸುತ್ತಾರೆ. ಬೇರೆ ಕೆಲವರು ಎಲ್ಲವನ್ನೂ ಒಮ್ಮೆಗೇ ಬಿಟ್ಟುಕೊಟ್ಟು ಜಗಲಿಯ ಮೇಲೆ ಎಲೆಯಡಿಕೆಯ ತಟ್ಟೆಯೊಂದಿಗೆ ಕುಳಿತುಬಿಡುತ್ತಾರೆ. ಮೊದಲನೆಯವರಿಂದ ಮಕ್ಕಳು ಬೆಳೆಯುವುದಿಲ್ಲ. ಎರಡನೆಯವರಾದರೋ ತಾವೇ ಕುಗ್ಗುತ್ತಾರೆ. ಅವರೊಂದಿಗೆ ಅವರು ಬಲ್ಲ ವಿಷಯವೂ ಮಣ್ಣಾಗುತ್ತದೆ. ವಯಸ್ಸಾದವರಿಗೆ ಮಾತ್ರ ಚೆನ್ನಾಗಿ ಒಪ್ಪುವ, ಮೈಬಲಕ್ಕಿಂತ ನೆನಪು ಮತ್ತು ತಾಳ್ಮೆಗಳನ್ನು ಹೆಚ್ಚಾಗಿ ಬೇಡುವ ಕೆಲಸವೊಂದು ಬೇಸಾಯದೊಳಗೇ ಉಂಟೆಂಬುದನ್ನು ಈ ಇಬ್ಬರೂ ಗಮನಿಸಿರುವುದಿಲ್ಲ. ಆ ಕೆಲಸವೆಂದರೆ ಬೀಜದ ಕೆಲಸ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಗೋಕರ್ಣದಿಂದ ಉತ್ತರಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಅಂಕೋಲಾ ತಾಲ್ಲೂಕು. ಅಲ್ಲಿಯ ಹೊನ್ನಳ್ಳಿ ಗ್ರಾಮದಲ್ಲಿ, ೧೯೪೪ನೆಯ ಇಸವಿಯ ಸುಮಾರಿಗೆ, ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬವೊಂದರಲ್ಲಿ ತುಳಸಿ ಗೌಡ ಎಂಬ ಹೆಣ್ಣುಮಗಳು ಹುಟ್ಟಿದಳು. ಎಳೆತನದಲ್ಲಿಯೇ ತಂದೆ ತೀರಿಕೊಂಡುದರಿಂದ ಶಾಲೆಯ ಮೆಟ್ಟಿಲನ್ನು ಹತ್ತುವ ಯೋಗ ಕೂಡಿಬರಲಿಲ್ಲ. ತಾಯಿಯ ಜತೆಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಕೂಲಿಗೆ ಹೋಗಬೇಕಾಯಿತು. ಮದುವೆಯೂ ಚಿಕ್ಕ ವಯಸ್ಸಿನಲ್ಲಿಯೇ ಆಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆಕೆ ದಿನಗೂಲಿಯವಳಾಗಿಯೇ ಮಣ್ಣು ಜರಡಿ ಹಿಡಿದು, ಬೀಜ ಆರಿಸಿ, ಸಸಿಗಳಿಗೆ ನೀರು ಹಾಕಿದಳು. ನೌಕರಿಯು ಖಾಯಂ ಆದುದು ಬಹಳ ತಡವಾಗಿ. ಅನಂತರ ನಿವೃತ್ತಿಯೂ ಬಂದಿತು. ಸಾಮಾನ್ಯರ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಹಿಡುವಳಿದಾರರು ಮುಂದಿನ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಈ ಹೆಂಗಸಿಗೆ ಕೊಡುವುದಕ್ಕೆ ಭೂಮಿಯೂ ಇರಲಿಲ್ಲ, ಚಲಾಯಿಸುವುದಕ್ಕೆ ಅಧಿಕಾರವೂ ಇರಲಿಲ್ಲ. ಆಕೆಯ ಬಳಿ ಇದ್ದುದು ಬೀಜದ ತಿಳುವಳಿಕೆಯೊಂದೇ.

ಕಾಡಿನ ಒಂದೊಂದು ಜಾತಿಗೂ ತಾಯಿಮರ ಯಾವುದೆಂದು ಗುರುತಿಸಿ, ಅದರ ಬೀಜವು ಸರಿಯಾಗಿ ಬಲಿತ ಹೊತ್ತನ್ನು ಅರಿತು ಸಂಗ್ರಹಿಸುವುದರಲ್ಲಿ ತುಳಸಿ ಗೌಡರಿಗೆ ಸಮಾನರು ವಿರಳರೆಂದು ಅರಣ್ಯದ ಅಧಿಕಾರಿಗಳೇ ಒಪ್ಪಿದ್ದರು. ಇದನ್ನು ಕೇಳಿದವರಿಗೆ ಯಾವುದೋ ದಿವ್ಯಶಕ್ತಿಯಂತೆ ತೋರಬಹುದು. ವಾಸ್ತವವಾಗಿ ಇದು ಬಹುಕಾಲದ ನೋಟದಿಂದ ಬರುವ ವಿದ್ಯೆ. ಒಳ್ಳೆಯ ತಾಯಿಮರವು ನೆಟ್ಟಗೆ ಬೆಳೆದು, ರೋಗವಿಲ್ಲದೆ, ನಡುಪ್ರಾಯದಲ್ಲಿರಬೇಕು. ಅದು ಒಂಟಿಯಾಗಿ ನಿಂತಿರದೆ ಸುತ್ತಲೂ ಅದೇ ಜಾತಿಯ ಒಳ್ಳೆಯ ಮರಗಳಿರಬೇಕು. ಇಲ್ಲವಾದರೆ ಪರಾಗವು ಸರಿಯಾಗಿ ಬೆರೆಯದೆ ಬೀಜವು ಸೊರಗುತ್ತದೆ. ಮೊಟ್ಟಮೊದಲು ಉದುರುವ ಹಣ್ಣುಗಳಲ್ಲಿ ಹುಳು ಬಿದ್ದವೂ ಎಳೆಯವೂ ಹೆಚ್ಚಾದುದರಿಂದ ಅವುಗಳನ್ನು ಬಿಟ್ಟು ನಡುವಣ ಉದುರನ್ನು ಆರಿಸಬೇಕು. ಒಂದೇ ಮರದ ಬೀಜವನ್ನು ಮಾತ್ರ ನೆಚ್ಚದೆ ಹಲವು ಮರಗಳ ಬೀಜವನ್ನು ಕೂಡಿಸಬೇಕು.

ಬೀಜಗಳ ಸ್ವಭಾವವೂ ಒಂದೇ ಬಗೆಯಲ್ಲ. ಹಲಸು, ಮಾವು, ಮುರುಗಲು, ಉಪ್ಪಾಗೆ ಮುಂತಾದುವುಗಳ ಬೀಜಕ್ಕೆ ಒಣಗಿಸಿಡುವುದೆಂದರೆ ಸಾವು. ಹಣ್ಣಿನಿಂದ ತೆಗೆದು ತೊಳೆದ ಬಳಿಕ ಬಹಳ ದಿನ ಇಡದೆ ಹಸಿಯಾಗಿರುವಾಗಲೇ ಮಡಿಗೆ ಹಾಕಬೇಕು. ತೇಗದ ಬೀಜವಾದರೋ ಗಟ್ಟಿಯಾದ ಕವಚದೊಳಗೆ ಮಲಗಿರುವುದು; ಅದನ್ನು ಕೆಲವು ಸಲ ನೆನೆಸಿ, ಕೆಲವು ಸಲ ಬಿಸಿಲಿಗೆ ಹರವಿ, ಹೀಗೆ ತಿರುಗಿ ತಿರುಗಿ ಮಾಡಿದ ಮೇಲೆಯೇ ಎಚ್ಚರಗೊಳ್ಳುವುದು. ಇಂಥ ವಿಷಯಗಳನ್ನು ಪುಸ್ತಕದಲ್ಲಿ ಓದಿ ತಿಳಿಯಬಹುದು. ಆದರೆ ಈ ಗುಡ್ಡದ ಈ ಮರ ಈ ವರ್ಷ ಯಾವ ವಾರದಲ್ಲಿ ಬಲಿಯುತ್ತದೆಂಬುದನ್ನು ಪುಸ್ತಕವು ಹೇಳಲಾರದು. ಅದನ್ನು ಹೇಳಬಲ್ಲವರು ಆ ಮರದ ಕೆಳಗೆ ನಲವತ್ತು ಬೇಸಗೆಗಳನ್ನು ಕಳೆದವರು.

ಇದಕ್ಕೆ ಬಿದಿರಿಗಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಹೆಬ್ಬಿದಿರು ಸುಮಾರು ೪೦ರಿಂದ ೫೦ ವರ್ಷಗಳಿಗೊಮ್ಮೆ ಒಂದು ಸೀಮೆಯಲ್ಲೆಲ್ಲ ಹೂಬಿಟ್ಟು, ಅಕ್ಕಿಯಂಥ ಬೀಜವನ್ನು ಉದುರಿಸಿ, ಮೆಳೆಯೇ ಒಣಗಿ ಸಾಯುವುದು. ಆ ಬೀಜದ ಸುಗ್ಗಿಗೆ ಇಲಿಗಳು ಹೆಚ್ಚಿ ಪಕ್ಕದ ಗದ್ದೆಗಳಿಗೆ ನುಗ್ಗುವುದೂ, ಒಣಗಿದ ಮೆಳೆಗಳಿಗೆ ಬೇಸಗೆಯಲ್ಲಿ ಬೆಂಕಿ ಬೀಳುವುದೂ ಉಂಟು. ಹೂವು ಕಂಡೊಡನೆ ಮುಂದೇನು ಬರುವುದೆಂದು ಊರಿಗೆ ಎಚ್ಚರಿಕೆ ಹೇಳಬೇಕಾದರೆ ಹಿಂದಿನ ಹೂವನ್ನು ನೋಡಿದ್ದವರು ಯಾರಾದರೂ ಬದುಕಿರಬೇಕು. ಬದುಕಿದ್ದರೆ ಸಾಲದು, ಅವರನ್ನು ಕೇಳುವವರೂ ಇರಬೇಕು. ಇಪ್ಪತ್ತೈದು ವಯಸ್ಸಿನ ಯುವಕನು ಎಷ್ಟೇ ಬುದ್ಧಿವಂತನಾಗಿರಲಿ, ಈ ಒಂದು ವಿಷಯದಲ್ಲಿ ಎಪ್ಪತ್ತರ ಮುದುಕಿಯೆದುರು ಶಿಷ್ಯನೇ ಸರಿ.

ತುಳಸಿ ಗೌಡರು ನಿವೃತ್ತಿಯಾದ ಬಳಿಕವೂ ಬೀಜ ಕೂಡಿಸುವುದನ್ನೂ ಸಸಿ ನೆಡುವುದನ್ನೂ ಬಿಡಲಿಲ್ಲ. ಆದರೆ ಕೆಲಸದ ಅರ್ಥವು ಬದಲಾಯಿತು. ಮೊದಲು ಕೂಲಿಗಾಗಿ ಮಾಡಿದ್ದನ್ನು ಈಗ ಕಲಿಸುವುದಕ್ಕಾಗಿ ಮಾಡಿದರು. ಊರಿನ ಮಕ್ಕಳಿಗೂ, ಕಾಡಿನ ವಿಷಯ ತಿಳಿಯಬೇಕೆಂದು ಹುಡುಕಿಕೊಂಡು ಬಂದವರಿಗೂ, ಮರಗಳ ಗುರುತನ್ನೂ ಬೀಜದ ಮರ್ಮವನ್ನೂ ಹೇಳಿಕೊಟ್ಟರು. ೧೯೮೬ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿಯೂ ೧೯೯೯ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಬಂದಿದ್ದವು. ೨೦೨೦ರಲ್ಲಿ ಪದ್ಮಶ್ರೀ ಘೋಷಿತವಾಯಿತು. ೨೦೨೧ನೆಯ ನವೆಂಬರ್ ೮ರಂದು ರಾಷ್ಟ್ರಪತಿಗಳ ಕೈಯಿಂದ ಅದನ್ನು ಸ್ವೀಕರಿಸುವಾಗ ಆಕೆ ಹಾಲಕ್ಕಿ ಹೆಂಗಸರ ಎಂದಿನ ಉಡುಪಿನಲ್ಲಿ, ಬರಿಗಾಲಿನಲ್ಲಿ ನಡೆದುಹೋದುದನ್ನು ದೇಶವೆಲ್ಲ ಕಂಡಿತು. ಜನರು ಬರಿಗಾಲನ್ನು ಕುರಿತು ಬಹಳ ಮಾತನಾಡಿದರು. ಕೈಗಳನ್ನು ಕುರಿತು ಮಾತನಾಡಿದ್ದರೆ ಇನ್ನೂ ಚೆನ್ನಾಗಿತ್ತು.

ಶಾಸ್ತ್ರಗಳು ಗೃಹಸ್ಥಾಶ್ರಮದ ಬಳಿಕ ವಾನಪ್ರಸ್ಥವನ್ನು ಹೇಳುತ್ತವೆ. ಭೂಮಾಲಿಕರಲ್ಲಿ ಅನೇಕರು ಇದನ್ನು ಮನೆಯ ವ್ಯವಹಾರದಿಂದ ದೂರ ಸರಿಯುವುದೆಂದು ಮಾತ್ರ ತಿಳಿದಿದ್ದಾರೆ. ಹುಟ್ಟಿದಂದಿನಿಂದ ಕಾಡಿನ ಅಂಚಿನಲ್ಲಿಯೇ ಇದ್ದ ಹೊನ್ನಳ್ಳಿಯ ಈ ಹೆಂಗಸಿಗೆ ದೂರ ಸರಿಯುವುದಕ್ಕೆ ಬೇರೆ ಕಾಡಿರಲಿಲ್ಲ. ಆಕೆ ಮುಪ್ಪಿನಲ್ಲಿ ಜನರ ಕಡೆಗೆ ನಡೆದು ಬಂದಳು. ೨೦೨೪ನೆಯ ಡಿಸೆಂಬರ್ ೧೬ರಂದು ಆಕೆ ತೀರಿಕೊಂಡಾಗ, ಅಕ್ಷರವೊಂದನ್ನೂ ಬರೆಯದ ಆ ತಲೆಯೊಳಗೆ ಇದ್ದುದರಲ್ಲಿ ಎಷ್ಟು ಪಾಲು ಇತರರಿಗೆ ದಾಟಿತೋ ಅಷ್ಟು ಮಾತ್ರ ಉಳಿಯಿತು.

ಅದೇ ಅಂಕೋಲಾ ಸೀಮೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹೆಸರನ್ನೂ ಇಲ್ಲಿ ಎತ್ತದೆ ಹೋಗಲಾಗದು. ಹಾಲಕ್ಕಿಗಳ ಹಾಡುಗಳ ಭಂಡಾರವೆನಿಸಿದ್ದ ಅವರು ಮದ್ಯದ ಕಾಟದಿಂದ ತಮ್ಮ ಮನೆಯಲ್ಲಿಯೇ ನೋವುಂಡು, ಅದನ್ನು ಒಳಗೇ ನುಂಗಿಕೊಳ್ಳದೆ, ಹೆಂಗಸರನ್ನು ಕೂಡಿಸಿ ಊರಿನಲ್ಲಿ ಸಾರಾಯಿಯ ವಿರುದ್ಧ ಹೋರಾಟಕ್ಕೆ ನಿಂತರು. ಆಗ ಅವರು ನಡುವಯಸ್ಸನ್ನು ದಾಟುತ್ತಿದ್ದರು. ಪದ್ಮಶ್ರೀ ಬಂದುದು ೨೦೧೭ರಲ್ಲಿ, ತೀರಿಕೊಂಡುದು ೨೦೨೫ನೆಯ ಫೆಬ್ರವರಿಯಲ್ಲಿ. ಒಂದೇ ತಾಲ್ಲೂಕು ಎರಡು ತಿಂಗಳ ಅಂತರದಲ್ಲಿ ಇಂಥ ಇಬ್ಬರನ್ನು ಕಳೆದುಕೊಂಡಿತು.

ಮರದ ಬೀಜದ ಮಾತು ಅರಣ್ಯದವರದು, ಗದ್ದೆಯವರಿಗೆ ಅದರಿಂದ ಏನು ಎಂದು ಕೇಳುವವರು ಓಂ ಬೀಚಿನ ಗುಡ್ಡದಿಂದ ಆಗ್ನೇಯಕ್ಕೆ ತಿರುಗಿ ನೋಡಬೇಕು. ತದಡಿಯ ಬಳಿ ಅಘನಾಶಿನಿ ನದಿಯು ಸಮುದ್ರವನ್ನು ಕೂಡುತ್ತದೆ. ಶಿರಸಿಯ ಕಡೆಯಿಂದ ಹರಿದು ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆಯನ್ನು ೨೦೨೪ರಲ್ಲಿ ರಾಮ್‌ಸಾರ್ ಒಪ್ಪಂದದ ಮೇರೆಗೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಅಳಿವೆಯ ದಡದಲ್ಲಿ, ಮಾಣಿಕಟ್ಟಾ ಮುಂತಾದ ಗ್ರಾಮಗಳಲ್ಲಿ, ಭರತದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳುಂಟು. ಇಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗವೆಂದು ಹೆಸರು. ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಮೊಳಕೆ ಬಂದ ಬೀಜವನ್ನು ಚೆಲ್ಲುತ್ತಾರೆ. ಮತ್ತೆ ಗೊಬ್ಬರವೂ ಇಲ್ಲ, ಔಷಧವೂ ಇಲ್ಲ. ನೆರೆ ಬಂದು ಕೆಲವು ದಿನ ಮುಳುಗಿದರೂ ತಾಳಿಕೊಳ್ಳುವ, ಉಪ್ಪನ್ನು ಸಹಿಸುವ, ಎತ್ತರದ ಹುಲ್ಲಿನ ತಳಿಯಿದು; ಅಕ್ಕಿ ಕೆಂಪು. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟರೆ ಸೀಗಡಿ, ಏಡಿ, ಮೀನುಗಳ ಬೆಳೆ. ಭತ್ತದ ಕೂಳೆಯೇ ಅವುಗಳಿಗೆ ಆಹಾರ, ಅವುಗಳ ಮಲವೇ ಮುಂದಿನ ಭತ್ತಕ್ಕೆ ಗೊಬ್ಬರ.

ಇಂಥ ಪದ್ಧತಿಯು ಕ್ಷೀಣಿಸುತ್ತ ಬಂದುದಕ್ಕೆ ಕಾರಣಗಳು ಹಲವು: ಸೀಗಡಿಯ ಲಾಭದೆದುರು ಭತ್ತದ ಇಳುವರಿ ಅಲ್ಪವಾಗಿ ತೋರಿತು; ಒಡೆದ ಕಟ್ಟೆಯನ್ನು ಊರೊಟ್ಟಾಗಿ ಸೇರಿ ಕಟ್ಟುವ ರೂಢಿ ಸಡಿಲವಾಯಿತು. ಅದನ್ನು ಚರ್ಚಿಸಲು ಬೇರೆ ಲೇಖನವೇ ಬೇಕು. ಇಲ್ಲಿ ಹೇಳತಕ್ಕದ್ದು ಬೀಜದ ಮಾತು. ಕರಾವಳಿಯ ತೇವದ ಹವೆಯಲ್ಲಿ ಭತ್ತದ ಬೀಜವು ಎರಡನೆಯ ಮಳೆಗಾಲವನ್ನು ಕಾಣುವಷ್ಟರಲ್ಲಿಯೇ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದು. ಆದ್ದರಿಂದ ಗಜನಿಯನ್ನು ಎರಡು ವರ್ಷ ಹಾಳು ಬಿಟ್ಟು ಮೂರನೆಯ ವರ್ಷ ಮನಸ್ಸು ಮಾಡಿದರೆ ಗದ್ದೆ ಇರುತ್ತದೆ, ಕಟ್ಟೆಯನ್ನೂ ಕಟ್ಟಬಹುದು; ಕಗ್ಗದ ಬೀಜ ಮಾತ್ರ ಇರುವುದಿಲ್ಲ. ಕಗ್ಗವು ಇಂದಿನವರೆಗೆ ಬಾಳಿರುವುದು, ಲಾಭನಷ್ಟವನ್ನು ಎಣಿಸದೆ ವರ್ಷವರ್ಷವೂ ಒಂದಿಷ್ಟು ಜಾಗದಲ್ಲಿ ಅದನ್ನು ಬಿತ್ತಿ ಬೀಜ ತೆಗೆದಿರಿಸಿದವರಿಂದ. ಲಾಭನಷ್ಟವನ್ನು ಎಣಿಸದೆ ಮಾಡುವ ಕೆಲಸವು ಮನೆಯ ಭಾರ ಹೊತ್ತ ನಡುವಯಸ್ಸಿನವನಿಂದ ಆಗುವುದು ಕಷ್ಟ. ಅವನಿಗೆ ಸಾಲದ ಕಂತೂ ಮಕ್ಕಳ ಶಾಲೆಯ ಶುಲ್ಕವೂ ಇರುತ್ತವೆ. ಭಾರ ಇಳಿಸಿದ ಹಿರಿಯನಿಂದ ಅದು ಆಗುತ್ತದೆ. ಮುಪ್ಪಿನ ಸ್ವಾತಂತ್ರ್ಯವೆಂಬುದು ಏನಾದರೂ ಇದ್ದರೆ ಅದರ ಉಪಯೋಗ ಇಲ್ಲಿಯೇ.

ಹೊರದೇಶದ ಒಂದು ನಿದರ್ಶನವೂ ಇದಕ್ಕೆ ಒಪ್ಪುವುದು. ಜಪಾನಿನ ಶಿಕೋಕು ದ್ವೀಪದ ಮಸನೋಬು ಫುಕುವೋಕಾ ಎಂಬ ರೈತನು ೧೯೧೩ರಲ್ಲಿ ಹುಟ್ಟಿ, ತನ್ನ ಗದ್ದೆಯಲ್ಲಿಯೂ ಕಿತ್ತಳೆಯ ತೋಟದಲ್ಲಿಯೂ ದಶಕಗಳ ಕಾಲ ಸದ್ದಿಲ್ಲದೆ ಪ್ರಯೋಗ ನಡೆಸಿದ್ದನು. ಆತನಿಗೆ ಹೆಸರು ತಂದ ಪುಸ್ತಕವು ಹೊರಬಂದುದು ೧೯೭೫ರಲ್ಲಿ, ಅರುವತ್ತೆರಡನೆಯ ವಯಸ್ಸಿನಲ್ಲಿ. ಆ ಬಳಿಕವೇ ಆತನು ದೇಶದೇಶಗಳನ್ನು ಸುತ್ತಿ, ಜೇಡಿಮಣ್ಣಿನಲ್ಲಿ ಬೀಜವನ್ನು ಉಂಡೆ ಕಟ್ಟಿ ಬರಡು ನೆಲದಲ್ಲಿ ಹಸುರು ತರುವ ಮಾರ್ಗವನ್ನು ತೋರಿಸಿದನು. ೧೯೮೮ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಆತನಿಗೆ ಎಪ್ಪತ್ತೈದು, ೨೦೦೮ರವರೆಗೆ ಬದುಕಿದ್ದನು. ಆತನ ಬೇಸಾಯದ ಎಲ್ಲ ಸಿದ್ಧಾಂತಗಳನ್ನೂ ಇಲ್ಲಿ ಒಪ್ಪಬೇಕೆಂದಿಲ್ಲ. ಅರುವತ್ತರ ಮೇಲೆ ಆತನು ಆರಂಭಿಸಿದ ಕೆಲಸವು ಬೀಜದ ಕೆಲಸವೇ ಆಗಿತ್ತೆಂಬುದು ಮಾತ್ರ ಗಮನಿಸತಕ್ಕ ವಿಷಯ.

ಇನ್ನು ಗ್ರಾಮದ ಮುಖಂಡರಿಂದ ಆಗಬೇಕಾದುದು. ಹಾಲಕ್ಕಿಗಳ ಕೊಪ್ಪಗಳಲ್ಲಿ ಗೌಡನ ಜತೆಗೆ ಬುಧವಂತನೆಂಬ ಸಲಹೆಗಾರನೊಬ್ಬನು ಇರುವ ಏರ್ಪಾಡು ಹಳೆಯದು. ಆಜ್ಞೆ ಮಾಡುವವನು ಬೇರೆ, ಬುದ್ಧಿ ಹೇಳುವವನು ಬೇರೆ. ಒಂದು ಹಿಡುವಳಿಯೊಳಗೂ ಇದೇ ವಿವೇಕವನ್ನು ತರಬಹುದು. ಗದ್ದೆಯ ಅಧಿಕಾರವು ಮಗನದು, ಸೊಸೆಯದು. ಬೀಜದ ಕಣಜವೂ ಸಸಿಯ ಮಡಿಯೂ ಹಿರಿಯರದು. ಮಗನು ಯಾವ ತಳಿಯನ್ನು ಎಷ್ಟು ಎಕರೆಗೆ ಬಿತ್ತಬೇಕೆಂಬುದರಲ್ಲಿ ತಂದೆ ಬಾಯಿ ಹಾಕಕೂಡದು. ಆದರೆ ಮನೆಯ ಎರಡು ಗುಂಟೆಯಲ್ಲಿ ತಂದೆ ಉಳಿಸಿಕೊಂಡ ತಳಿಯನ್ನು ಕಿತ್ತು ಬೇರೆ ಹಾಕುವ ಹಕ್ಕು ಮಗನಿಗೂ ಇರಕೂಡದು. ಈ ಕರಾರು ಮೊದಲೇ ಬಾಯಿಮಾತಿನಲ್ಲಿ ಆಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಊರಿನ ಸಸ್ಯ, ಪ್ರಾಣಿ, ಬೆಳೆ ತಳಿಗಳ ಕುರಿತು ಜನರ ತಿಳುವಳಿಕೆಯನ್ನು ದಾಖಲಾತಿಯ ಪುಸ್ತಕದಲ್ಲಿ ಬರೆಯಿಸಬೇಕು. ಇದು ಕಾಗದದ ಮಟ್ಟಿಗೆ ಮುಗಿದ ಕಡೆಗಳೂ ಉಂಟು. ಹಾಗಾದಲ್ಲಿ ಮುಖಂಡರು ಪುಸ್ತಕವನ್ನು ಹೊರಗೆ ತೆಗೆಯಿಸಿ, ಊರಿನ ಹಿರಿಯರನ್ನು ಒಂದು ದಿನ ಕೂಡಿಸಿ, ಓದಿ ಹೇಳಿಸಬೇಕು; ತಪ್ಪಿದ್ದನ್ನು ಅವರೇ ತಿದ್ದುವರು. ಹಾಗೆ ಕೂಡಿಸುವಾಗ ಖಾತೆಯುಳ್ಳವರನ್ನು ಮಾತ್ರ ಕರೆದರೆ ಕೆಲಸ ಕೆಡುವುದು. ಮುದಿ ಕೂಲಿಯಾಳುಗಳನ್ನೂ, ಸೊಪ್ಪು ಕಡಿದವರನ್ನೂ, ನಾಟಿಯ ಹೆಂಗಸರನ್ನೂ ಕರೆಯತಕ್ಕದ್ದು. ಭೂಮಾಲಿಕನು ಬಲ್ಲುದು ಜಮೀನಿನ ಗಡಿ; ಆ ಜಮೀನಿನೊಳಗೆ ಏನೇನು ಮೊಳೆಯುವುದೆಂಬುದನ್ನು ಅನೇಕ ವೇಳೆ ಆಳಿನ ಹೆಂಡತಿಯೇ ಹೆಚ್ಚಾಗಿ ಬಲ್ಲಳು. ಇದನ್ನು ಒಪ್ಪಿಕೊಳ್ಳುವುದು ಮಾಲಿಕನಿಗೆ ಮುಪ್ಪಿನಲ್ಲಾದರೂ ಬರಬೇಕಾದ ಬೆಳವಣಿಗೆ. ತುಳಸಿ ಗೌಡರು ಎಷ್ಟೋ ವರ್ಷ ಹಾಜರಿ ಪುಸ್ತಕದ ಒಂದು ಹೆಸರು ಮಾತ್ರವಾಗಿದ್ದರೆಂಬುದನ್ನು ಮರೆಯಬಾರದು. ಇದಲ್ಲದೆ, ೨೦೦೧ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲು ಅವಕಾಶವಿದೆ.

ಆರಂಭಿಸುವವರು ಸಣ್ಣದಾಗಿಯೇ ಆರಂಭಿಸಲಿ. ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಹಿತ್ತಿಲುಗಳಿಗೆ ಮುರುಗಲು ಒಳ್ಳೆಯ ಮೊದಲ ಪಾಠ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ಹೂಬಿಡುವ ತನಕ, ಅಂದರೆ ಹಲವು ವರ್ಷಗಳ ತನಕ, ತಿಳಿಯದು. ಆದುದರಿಂದ ಊರಿನಲ್ಲಿ ಹೆಚ್ಚು ಹಣ್ಣು ಕೊಡುವ ಹೆಣ್ಣು ಮರ ಯಾವುದೆಂದು ಹಿರಿಯರು ಗುರುತು ಹೇಳಿ, ಅದರ ಕಡ್ಡಿಯನ್ನು ಸಸಿಗೆ ಕಸಿ ಕಟ್ಟಿಸಿದರೆ ಕಾಯುವ ಕಾಲವೂ ಸಂದೇಹವೂ ಒಟ್ಟಿಗೆ ತಪ್ಪುವುವು. ಕಸಿ ಕಟ್ಟುವ ಕೈ ಎಳೆಯದಾದರೂ ಆದೀತು. ಮರವನ್ನು ಆರಿಸುವ ಕಣ್ಣು ಹಳೆಯದಾಗಿರಬೇಕು.

ಭತ್ತದ ಬೀಜ ಕಾಯುವವರು ಕೊಯ್ಲಿಗೆ ಮೊದಲೇ ಗದ್ದೆಗಿಳಿದು ಬೇರೆ ತಳಿಯ ತೆನೆಗಳನ್ನು ಕಿತ್ತುಹಾಕಿ, ಗದ್ದೆಯ ನಡುಭಾಗದ ಪೈರನ್ನು ಬೀಜಕ್ಕೆಂದು ಬೇರೆಯಾಗಿ ಬಡಿಸಿ, ಚೆನ್ನಾಗಿ ಒಣಗಿಸಿ ಹುಲ್ಲಿನ ಮುಡಿಯಲ್ಲಿ ಕಟ್ಟಿಡಬೇಕು. ಮುಡಿ ಕಟ್ಟುವುದು ಈಗ ಬಹುಪಾಲು ಹಿರಿಯರ ಕೈಯಲ್ಲಿ ಮಾತ್ರ ಉಳಿದಿರುವುದರಿಂದ ಮನೆಯ ಒಬ್ಬ ಹುಡುಗನನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟುವುದು ಲೇಸು. ಬಿತ್ತನೆಗೆ ಎರಡು ವಾರ ಮೊದಲು ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದು ವಾರದೊಳಗೆ ಎಂಬತ್ತಕ್ಕಿಂತ ಕಡಿಮೆ ಮೊಳೆತರೆ ನೆರೆಯವರಿಂದ ಅದೇ ತಳಿಯ ಹೊಸ ಬೀಜವನ್ನು ಪಡೆಯುವುದಕ್ಕೆ ಇನ್ನೂ ಕಾಲಾವಕಾಶ ಇರುತ್ತದೆ. ಬೀಜವನ್ನು ಯಾರಿಗೆ ಕೊಟ್ಟಿತು, ಯಾರಿಂದ ತಂದಿತು ಎಂಬುದನ್ನು ಮೊಮ್ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಮುರುಗಲು ಹಣ್ಣು ಬೇಸಗೆಯ ಕೊನೆಗೆ, ಮಳೆ ಬೀಳುವ ಮುನ್ನವೇ ಮುಗಿಯುತ್ತ ಬರುವುದರಿಂದ ಸಸಿಯ ಮಡಿಯನ್ನು ಏಪ್ರಿಲ್ ತಿಂಗಳೊಳಗೆ ಸಿದ್ಧಪಡಿಸಿ ನೆರಳು ಕಟ್ಟಿರತಕ್ಕದ್ದು. ಕಸಿಯ ಸಸಿಗಳ ವಿಷಯವಾಗಿಯೂ ತಳಿಯ ನೋಂದಣಿಯ ವಿಷಯವಾಗಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.